ಹೊಸ ಬಾಲ್ ಯಾರ ಕೈಗೆ?

ಭಾನುವಾರ ಬೆಳಗಿನ ಆರೂವರೆ. ಧನುರ್ಮಾಸದ ಮಂಜು ಹೊಂಗೆಮರಗಳ ಕೊಂಬೆ ಬಿಟ್ಟು ಇನ್ನೂ ಮೇಲೆದ್ದಿಲ್ಲ. ಬಸವೇಶ್ವರನಗರದಿಂದ ಮಾಗಡಿ ರಸ್ತೆ ಕಡೆಗೆ ಇಳಿಯುವ ದಾರಿಯಲ್ಲಿ, ಒತ್ತೊತ್ತಾದ ಮನೆಗಳ ಸಾಲು ಮುಗಿದು ಒಮ್ಮೆಲೇ ಆಕಾಶ ಕಾಣುವ ಕಡೆ ಒಂದು ಮೈದಾನವಿದೆ. ಗೇಟಿನ ಪಕ್ಕ ತಳ್ಳುಗಾಡಿಯವನು ಅವರೆಕಾಯಿ ರಾಶಿ ಸುರಿದಿದ್ದಾನೆ. ದೇವಸ್ಥಾನದಿಂದ ಹುಗ್ಗಿಯ ದೊನ್ನೆ ಹಿಡಿದು ವಾಪಸಾಗುತ್ತಿರುವ ಅಜ್ಜಂದಿರು ಒಂದು ಕ್ಷಣ ಗಾಡಿಯ ಹತ್ತಿರ ನಿಂತು, ರೇಟು ಕೇಳಿ, ಮುಖ ಕಿವುಚಿ ಮುಂದಕ್ಕೆ ಹೋಗುತ್ತಾರೆ. ಅವರೆಯ ಸೊಗಡು, ಎದುರು ಮನೆಯ ಅಂಗಳಕ್ಕೆ ಹಾಕಿದ ನೀರಿನ ಮಣ್ಣುವಾಸನೆ, ಮೂಲೆಯ ದರ್ಶಿನಿಯಲ್ಲಿ ಇಳಿಯುತ್ತಿರುವ ಮೊದಲ ಡಿಕಾಕ್ಷನ್ನಿನ ಘಮ, ಇಷ್ಟೂ ನಮ್ಮ ಜೊತೆ ಗೇಟು ದಾಟಿ ಬರುತ್ತವೆ. ಒಳಗೆ ಬಂದ ಮೇಲೆ ನಾಲ್ಕನೆಯದೊಂದು ಮೂಗಿಗೆ ಹೊಡೆಯುತ್ತದೆ. ನೋವಿನ ಮುಲಾಮಿನದು. ಅದು ಎಲ್ಲಿಂದ ಬರುತ್ತಿದೆ ಎಂದು ಆಮೇಲೆ ನೋಡೋಣ. ಮೊದಲು ಮೈದಾನದ ನಡುವೆ ಏನೋ ಸದ್ದಾಗುತ್ತಿದೆ.

ಆರು ಜನ ಹುಡುಗರು ಮ್ಯಾಟ್ ಹಾಸುತ್ತಿದ್ದಾರೆ. ತೆಂಗಿನ ನಾರಿನ ಮ್ಯಾಟು, ಇಬ್ಬನಿ ಕುಡಿದುಬಿಟ್ಟರೆ ಎಮ್ಮೆಯಷ್ಟು ಭಾರ. ಉರುಳಿಸಿ ಬಿಡಿಸಿಕೊಂಡು ಹೋದಂತೆ ಅದರ ಸುರುಳಿಯೊಳಗಿಂದ ಕಳೆದ ವಾರದ ಧೂಳು, ಒಣಗಿದ ಹೊಂಗೆ ಎಲೆ, ಯಾರದೋ ಬ್ಯಾಟಿನ ಹಿಡಿಯಿಂದ ಬಿಚ್ಚಿಕೊಂಡ ರಬ್ಬರು ಒಂದೊಂದಾಗಿ ಉದುರುತ್ತವೆ. ಅಂಚಿನುದ್ದಕ್ಕೂ ಗೇಣುದ್ದದ ಕಬ್ಬಿಣದ ಮೊಳೆ ಹೊಡೆಯಬೇಕು. ಒಬ್ಬ ಸುತ್ತಿಗೆ ಎತ್ತುತ್ತಾನೆ, ಇನ್ನೊಬ್ಬ ಹಿಮ್ಮಡಿ ಊರಿ ಮ್ಯಾಟನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತಾನೆ, ಟಣ್ ಟಣ್ ಎಂಬ ಸದ್ದು ಸುತ್ತಲಿನ ಮನೆಗಳ ಗೋಡೆಗೆ ಬಡಿದು ಎರಡೆರಡಾಗಿ ವಾಪಸು ಬರುತ್ತದೆ. ಸಡಿಲ ಬಿಟ್ಟರೆ ಸುಕ್ಕೇಳುತ್ತದೆ. ಸುಕ್ಕಿನ ಮೇಲೆ ಬಿದ್ದ ಬಾಲ್ ಯಾರ ಗದ್ದಕ್ಕೆ ಹೋಗುತ್ತದೋ ಹೇಳಲಾಗದು. ಟಿವಿಯಲ್ಲಷ್ಟೇ ಕ್ರಿಕೆಟ್ ನೋಡುವವರಿಗೆ ಈ ಮ್ಯಾಟಿನ ಪರಿಚಯ ಇರಲಿಕ್ಕಿಲ್ಲ. ಹುಲ್ಲಿನ ಪಿಚ್ ಸಾಕಬೇಕೆಂದರೆ ರೋಲರ್ ಬೇಕು, ಮಾಲಿ ಬೇಕು, ದಿನಾ ನೀರು ಬೇಕು. ಇವೊಂದೂ ಇಲ್ಲದ ಬಡಾವಣೆಯ ಕ್ಲಬ್ಬುಗಳು ತಲೆಮಾರುಗಳ ಕಾಲ ಈ ನಾರಿನ ಹಾಸಿನ ಮೇಲೆಯೇ ಆಡಿಕೊಂಡು ಬಂದಿವೆ. ಇದರ ಮೇಲೆ ಬಾಲು ಪುಟಿಯುವುದೂ ಹೆಚ್ಚು, ಬೆರಳು ತಿರುಗಿಸಿದರೆ ಕಚ್ಚಿ ತಿರುಗುವುದೂ ಹೆಚ್ಚು. ಮೊಳೆಬೂಟು ಹಾಕುವಂತಿಲ್ಲ, ನಾರು ಕಿತ್ತುಬರುತ್ತದೆ. ರಬ್ಬರ್ ಅಡಿಯ ಶೂಗಳೇ ಗತಿ.

ಈಗ ಮುಲಾಮಿನ ಕಡೆ ಹೋಗೋಣ.

ಹೊಂಗೆಮರದ ಬುಡದಲ್ಲಿ ಕಿಟ್ ಬ್ಯಾಗಿಗೆ ಒರಗಿ ಕೂತು, ಬಲ ಹೆಗಲಿನ ಮೇಲೆ ಅಂಗೈ ಗುಂಡಗೆ ತಿರುಗಿಸುತ್ತಿರುವವರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಾರೆ. ವಯಸ್ಸು ನಲವತ್ತೆರಡು. ಕಾಮಾಕ್ಷಿಪಾಳ್ಯದಲ್ಲಿ ಎರಡು ಲೇತ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡಿಸುತ್ತಾರೆ. ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಆಯಿಲ್ಲಿನ ಕಪ್ಪು ಗೆರೆ. ಅದೇ ಬೆರಳುಗಳು ಇಪ್ಪತ್ತೈದು ವರ್ಷಗಳಿಂದ ಈ ತಂಡದ ಹೊಸ ಬಾಲ್ ಹಿಡಿದಿವೆ. ಹೆಸರು ಹಾಕಬೇಡಿ ಎಂದು ನನಗೆ ಮೊದಲೇ ಕಟ್ಟಪ್ಪಣೆ ಆಗಿದೆ.

"ಮನೇಲಿ ನಾನು ಅಂಪೈರಿಂಗ್ ಮಾಡಕ್ಕೆ ಬರ್ತೀನಿ ಅನ್ಕೊಂಡಿದಾರೆ ಸಾರ್. ಮುಲಾಮೂ ಇಲ್ಲೇ ಹಚ್ಕೊಂಡು, ಇಲ್ಲೇ ತೊಳ್ಕೊಂಡು ಹೋಗ್ತೀನಿ."

ಮರದ ಕಾಂಡಕ್ಕೆ ಹಸಿರು ರಬ್ಬರ್ ಪಟ್ಟಿ ಕಟ್ಟಿದ್ದಾರೆ. ಮೊಳಕೈ ಪಕ್ಕೆಗೆ ಅಂಟಿಸಿಕೊಂಡು ಪಟ್ಟಿಯನ್ನು ನಿಧಾನಕ್ಕೆ ಹೊರಗೆಳೆಯುವುದು, ಅಷ್ಟೇ ನಿಧಾನಕ್ಕೆ ಒಳಗೆ ಬಿಡುವುದು, ಹದಿನೈದು ಸಲ. ಹನ್ನೊಂದನೆಯದಕ್ಕೆ ಮುಖದಲ್ಲಿ ಒಂದು ಗೆರೆ ಏಳುತ್ತದೆ. ವಿಜಯನಗರದ ಫಿಸಿಯೋ ಹುಡುಗಿ ಕೈಗೆ ಒಂದು ಚೀಟಿ ಬರೆದುಕೊಟ್ಟು, ಬಾಯಲ್ಲಿ "ಬೌಲಿಂಗ್ ಸಾಕು ಮಾಡಿ ಅಂಕಲ್" ಅಂದಳಂತೆ. ಚೀಟಿಯಲ್ಲಿದ್ದುದನ್ನು ಅಣ್ಣ ಚಾಚೂ ತಪ್ಪದೆ ಮಾಡುತ್ತಾರೆ, ಬಾಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡಿಲ್ಲ. ಅಂಕಲ್ ಅಂದದ್ದು ಮಾತ್ರ ಕೇಳಿಸಿದೆ, ಆ ಬೇಜಾರು ಇನ್ನೂ ಹೋಗಿಲ್ಲ.

"ಬೇರಿಂಗಲ್ಲಿ ಪ್ಲೇ ಬಂದಿದೆ ಸಾರ್, ಅಷ್ಟೇ. ಮೆಷಿನ್ನಾಗಿದ್ರೆ ಚೇಂಜ್ ಮಾಡ್ಬಿಡಬಹುದಿತ್ತು."

ಲೇತ್ ಮೆಷಿನ್ನಿನವರ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದೆ. ತೋಳಿನ ಮೂಳೆಯ ಗುಂಡು ತಲೆ ಕೂತಿರುವುದು ಹೆಗಲಿನ ತೀರ ಆಳ ಕಮ್ಮಿಯ ಬಟ್ಟಲಲ್ಲಿ. ಆಳವಿಲ್ಲದ್ದಕ್ಕೇ ಅದು ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ, ಆಳವಿಲ್ಲದ್ದಕ್ಕೇ ಜಾರಲೂ ನೋಡುತ್ತದೆ. ಜಾರದಂತೆ ಸುತ್ತ ಬಿಗಿಹಿಡಿದಿರುವುದು ನಾಲ್ಕು ಸಣ್ಣ ಸ್ನಾಯುಗಳು; ವೈದ್ಯರು ರೊಟೇಟರ್ ಕಫ್ ಅನ್ನುವುದು ಇವಕ್ಕೇ. ತೋಳನ್ನು ಬೀಸಿ ಎಸೆಯುವುದು ದೊಡ್ಡ ಸ್ನಾಯುಗಳ ಕೆಲಸ, ಬೀಸಿದ ತೋಳು ಬಾಲಿನ ಹಿಂದೆಯೇ ಹಾರಿಹೋಗದಂತೆ ಬ್ರೇಕ್ ಹಾಕುವುದು ಈ ಬಡಪಾಯಿಗಳ ಕೆಲಸ. ಬ್ರೇಕು ಮೊದಲು ಸವೆಯುತ್ತದೆ.

ಇದೇ ಕಫ್ ಒಮ್ಮೆ ಇಡೀ ಕರ್ನಾಟಕದ ಚಿಂತೆಯಾಗಿತ್ತು. 1997ರಲ್ಲಿ ಜಾವಗಲ್ ಶ್ರೀನಾಥ್ ವೆಸ್ಟ್ ಇಂಡೀಸ್ ಪ್ರವಾಸ ಬಿಟ್ಟು ಹೆಗಲಿನ ಶಸ್ತ್ರಚಿಕಿತ್ಸೆಗೆ ಹೋದಾಗ ಅಣ್ಣ ಹೈಸ್ಕೂಲಿನಲ್ಲಿದ್ದರು. ಅದರ ಹಿಂದಿನ ವರ್ಷ ಚಿನ್ನಸ್ವಾಮಿಯಲ್ಲಿ ಟೈಟನ್ ಕಪ್ಪಿನ ಪಂದ್ಯದ ರಾತ್ರಿ ಇದೇ ಶ್ರೀನಾಥ್ ಮತ್ತು ಕುಂಬ್ಳೆ ಬ್ಯಾಟ್ ಹಿಡಿದು ಆಸ್ಟ್ರೇಲಿಯಾವನ್ನು ಸೋಲಿಸಿದ್ದರಲ್ಲ, ಆಗ ಪಕ್ಕದ ಮನೆ ಟಿವಿ ಮುಂದೆ ಕುಣಿದ ಹುಡುಗರ ಪೈಕಿ ಇವರೂ ಒಬ್ಬರು. ಶ್ರೀನಾಥ್ ಮರಳಿ ಬಂದರು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರು ಒಂದೇ ಇನಿಂಗ್ಸಿನಲ್ಲಿ 86 ರನ್ನಿಗೆ 8 ವಿಕೆಟ್ ಕಿತ್ತದ್ದು ಆ ರಿಪೇರಿಯಾದ ಹೆಗಲಿನಿಂದಲೇ. ಈ ಲೆಕ್ಕವನ್ನು ಅಣ್ಣ ಗಾಯತ್ರಿ ಮಂತ್ರದ ಹಾಗೆ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಾರೆ ಅಂತ ನನ್ನ ಗುಮಾನಿ. ಆ ಪಂದ್ಯ ಭಾರತ ಸೋತಿತು ಅನ್ನುವುದನ್ನು ಮಾತ್ರ ಬಿಟ್ಟು.

ಅಷ್ಟು ಹೊತ್ತಿಗೆ ಕೆಂಗೇರಿ ಹುಡುಗ ಬಂದ. ಭಾನುವಾರ ಮೆಟ್ರೊ ತಡ, ಅದಕ್ಕೆ ಸ್ನೇಹಿತನ ಬೈಕಿನ ಹಿಂದೆ, ಕಿಟ್ ಬ್ಯಾಗನ್ನು ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದಿದ್ದಾನೆ. ಎಂಜಿನಿಯರಿಂಗ್ ಎರಡನೇ ವರ್ಷ, ಆರು ಅಡಿ ಎರಡಿಂಚು. ಅವನ ಬೆನ್ನಿಗೇ ಅತ್ತಿಗುಪ್ಪೆಯ ಎಡಗೈ ಹುಡುಗ, ಪಿಯುಸಿ, ಮೀಸೆ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಇಬ್ಬರೂ ನೇರ ಮರದ ಬುಡಕ್ಕೆ ಬಂದು ಅಣ್ಣನ ಮಂಡಿ ಮುಟ್ಟಿದ ಹಾಗೆ ಮಾಡಿ, ಅಲ್ಲೇ ಶೂ ಕಟ್ಟಿಕೊಳ್ಳಲು ಕೂತರು. "ತಿಂಡಿ ಆಯ್ತೇನ್ರೋ?" "ಆಯ್ತಣ್ಣ." "ಸುಳ್ಳು ಬೊಗಳ್ಬೇಡಿ." ಬ್ಯಾಗಿನಿಂದ ಬಾಳೆಎಲೆಯಲ್ಲಿ ಸುತ್ತಿದ ಇಡ್ಲಿ ಪೊಟ್ಟಣ ಹೊರಬಂತು. ನಾಲ್ಕು ಇಡ್ಲಿ, ಇಬ್ಬರಿಗೆ ಎರಡೆರಡು. ಅಣ್ಣ ಬೆಳಗ್ಗೆ ಯಾವಾಗಲೂ ನಾಲ್ಕೇ ತರುವುದಂತೆ.

ಎಂಟು ಗಂಟೆಗೆ ಟಾಸ್. ಮೂವತ್ತು ಓವರಿನ ಸ್ನೇಹದ ಪಂದ್ಯ, ರಾಜಾಜಿನಗರದ ಕಡೆಯ ತಂಡದ ಎದುರು. ನಾವು ಮೊದಲು ಫೀಲ್ಡಿಂಗ್. ನಾವು ಅಂದೆನಲ್ಲ, ಒಂದೂವರೆ ತಾಸು ಮರದ ಕೆಳಗೆ ಕೂತರೆ ಹಾಗೆ ಆಗಿಬಿಡುತ್ತದೆ.

ಇಲ್ಲಿಂದ ಮುಂದಿನ ಎರಡು ನಿಮಿಷವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಕ್ಯಾಪ್ಟನ್ ಇಪ್ಪತ್ತೆಂಟರ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಮಿಡ್ ಆಫಿನ ಹತ್ತಿರ ನಿಂತು ರಟ್ಟಿನ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ತೆಳು ಕಾಗದ, ಕಾಗದದೊಳಗೆ ಕೆಂಪು. ಹೊಸ ಲೆದರ್ ಬಾಲಿಗೆ ಒಂದು ವಾಸನೆ ಇದೆ. ವಾರ್ನಿಷ್ಷೂ ಹೊಸ ಚಪ್ಪಲಿಯ ಅಂಗಡಿಯೂ ಸೇರಿದ ಹಾಗೆ. ತೂಕ ಸುಮಾರು 160 ಗ್ರಾಮು, ಅಂದರೆ ಒಂದು ದೊಡ್ಡ ಸೇಬಿಗಿಂತ ಹೆಚ್ಚಿಲ್ಲ. ನಡುವೆ ಆರು ಸಾಲು ಹೊಲಿಗೆ, ಬೆರಳ ತುದಿಗೆ ಹೊಸ ಮದುವೆ ಸೀರೆಯ ಜರಿಯಂತೆ ಒರಟು. ಕ್ಯಾಪ್ಟನ್ ಅದನ್ನು ಒಂದು ಸಲ ಮೇಲಕ್ಕೆಸೆದು ಹಿಡಿದ. ಇನ್ನೊಂದು ಸಲ ಎಸೆದ. ಕಣ್ಣು ಎಲ್ಲೂ ನೋಡುತ್ತಿಲ್ಲ. ಪ್ರತಿ ತಂಡದಲ್ಲೂ ಯಾರು ಹಿರಿಯ, ಯಾರು ಕಿರಿಯ, ಯಾರ ಕಾಲ ನಡೆಯುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಆ ಬಾಲ್ ಯಾರ ಕೈಗೆ ಹೋಗುತ್ತದೆ ಎನ್ನುವುದರಲ್ಲೇ ಎಲ್ಲ ಬರೆದಿರುತ್ತದೆ. ಮೂರನೇ ಸಲ ಎಸೆದು ಹಿಡಿಯುವಷ್ಟರಲ್ಲಿ, ಇನ್ನೂ ಯಾರೂ ಏನೂ ಹೇಳದಿರುವಾಗಲೇ, ಅಣ್ಣ ಟೋಪಿ ಸರಿಮಾಡಿಕೊಂಡು ಮಿಡ್ ಆನ್ ಕಡೆಗೆ ನಡೆಯತೊಡಗಿದರು. ಹುಲ್ಲಿನಲ್ಲಿ ಬಿದ್ದಿದ್ದ ಒಂದು ಕಲ್ಲು ಹೆಕ್ಕಿ ಬೌಂಡರಿಯಾಚೆ ಎಸೆದರು, ಎಡಗೈಯಲ್ಲಿ. ಕ್ಯಾಪ್ಟನ್ನಿನ ಹೆಗಲು ಒಂದಿಂಚು ಇಳಿಯಿತು. ಬಾಲು ಕೆಂಗೇರಿ ಹುಡುಗನ ಕೈಗೆ ಹೋಯಿತು.

"ಅಣ್ಣ, ಫಸ್ಟ್ ಚೇಂಜ್ ನೀವು ಬನ್ನಿ," ಎಂದ ಕ್ಯಾಪ್ಟನ್, ಬೇಕಾದ್ದಕ್ಕಿಂತ ಜೋರಾಗಿ.

"ಬರ್ತೀನಿ ಬಿಡೋ. ಅವನಿಗೆ ಗಾಳಿ ಕಡೆಯಿಂದ ಹಾಕ್ಸು."

ನಾನು ಸ್ಕೋರರ್ ಮೇಷ್ಟ್ರ ಪಕ್ಕ ಕುರ್ಚಿ ಎಳೆದುಕೊಂಡೆ. ನಿವೃತ್ತ ಲೆಕ್ಕದ ಮೇಷ್ಟ್ರು. ಹುಡುಗನೊಬ್ಬ ಮೊಬೈಲ್ ಆಪಿನಲ್ಲಿ ಸ್ಕೋರ್ ಒತ್ತುತ್ತಿದ್ದರೂ ಇವರು ಮಡಿಲಲ್ಲಿ ಉದ್ದನೆಯ ಸ್ಕೋರ್ ಪುಸ್ತಕ ಇಟ್ಟುಕೊಂಡು, ಕೆಂಪು ನೀಲಿ ಎರಡು ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಕೂರುತ್ತಾರೆ. ಕೆಂಗೇರಿ ಹುಡುಗ ಓಡಿಬಂದ. ಮಂಜಿನೊಳಗಿಂದ ಮೊದಲು ಶೂಗಳ ಸದ್ದು, ಆಮೇಲೆ ಮಂಡಿ, ಆಮೇಲೆ ಮನುಷ್ಯ. ಮುಂಗಾಲು ಮ್ಯಾಟಿನ ಅಂಚಿಗೆ ಧಪ್ಪೆಂದು ಬಿದ್ದದ್ದು ನಮಗೆ ಕೇಳಿಸಿತು. ವೇಗದ ಬೌಲರ್ ಒಬ್ಬನ ಮುಂಗಾಲು ನೆಲಕ್ಕೆ ಬಿದ್ದಾಗ ಅವನ ದೇಹದ ತೂಕದ ಐದಾರು ಪಟ್ಟು ಭಾರ ಆ ಒಂದೇ ಕಾಲಿನ ಮೇಲೆ ಬೀಳುತ್ತದೆ. ಅದು ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಒಂದು ಪಕ್ಕಕ್ಕೆ ವಾಲಿ ತಿರುಚಿಕೊಂಡಿರುತ್ತದೆ. ಹುಡುಗರಿಗೆ ಸೊಂಟದ ಮೂಳೆ ಕೂದಲೆಳೆಯಷ್ಟು ಬಿರುಕು ಬಿಡುವುದು ಹೀಗೆ. ನಮ್ಮ ಬೆಂಗಳೂರಿನವರೇ ಆದ ಪ್ರಸಿದ್ಧ ಕೃಷ್ಣ ಈ ಬಿರುಕಿನಿಂದ 2023ರ ಐಪಿಎಲ್ ಇಡೀ ಕಳೆದುಕೊಂಡರು. ಆಮೇಲೆ 2025ರಲ್ಲಿ 25 ವಿಕೆಟ್ಟಿನ ಪರ್ಪಲ್ ಕ್ಯಾಪು, ಅದೇ ಬೇಸಗೆಯಲ್ಲಿ ಓವಲ್ ಟೆಸ್ಟಿನಲ್ಲಿ 8 ವಿಕೆಟ್ಟು. ಹೆಗಲು ಮುದುಕರದು, ಬೆನ್ನು ಹುಡುಗರದು ಅನ್ನುತ್ತಾರೆ ಮೇಷ್ಟ್ರು. ವೈದ್ಯಶಾಸ್ತ್ರ ಒಪ್ಪುತ್ತದೋ ಇಲ್ಲವೋ, ಈ ಮರದ ಕೆಳಗೆ ಎಲ್ಲರೂ ಒಪ್ಪುತ್ತಾರೆ.

ಮೂರನೇ ಬಾಲು ಬ್ಯಾಟ್ಸ್‌ಮನ್ನನ ಕಿವಿ ಪಕ್ಕ ಹೋಯಿತು. ನಾಲ್ಕನೆಯದಕ್ಕೆ ಮಿಡಲ್ ಸ್ಟಂಪ್ ಮಕಾಡೆ. ಹುಡುಗ ರೆಕ್ಕೆಯ ಹಾಗೆ ಎರಡೂ ಕೈ ಚಾಚಿ ಓಡಿದ. ಮಿಡ್ ಆನಿನಿಂದ ಅಣ್ಣ ಚಪ್ಪಾಳೆ ತಟ್ಟಿದರು. ಎಡಗೈಯನ್ನು ಬಲಗೈ ಹತ್ತಿರಕ್ಕೆ ತಂದು ತಟ್ಟುವ ಚಪ್ಪಾಳೆ.

"ಹೊಸ ಬಾಲ್ ಬಿಟ್ಟುಕೊಡೋದು ಸುಲಭ ಅಲ್ಲ ಸ್ವಾಮಿ," ಎಂದರು ಮೇಷ್ಟ್ರು, ಕೆಂಪು ಪೆನ್ನು ಮುಚ್ಚುತ್ತಾ. "ಶ್ರೀನಾಥ್ ಅದಕ್ಕಾಗಿ ಎಷ್ಟು ಕಾದ, ನೆನಪಿದೆಯಾ?"

ನೆನಪಿತ್ತು. 1991ರ ಕೊನೆಯಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದವರಿಗೆ ಸ್ವಂತ ನೆಲದಲ್ಲಿ ಟೆಸ್ಟ್ ಸಿಕ್ಕಿದ್ದು 1994ರ ಕೊನೆಗೆ, ಕಪಿಲ್ ದೇವ್ ನಿವೃತ್ತರಾದ ಮೇಲೆ. ಮೈಸೂರಿನ ಆ ಉದ್ದ ಕೈಗಳ ಹುಡುಗ ಅಷ್ಟು ದಿನ ನೀರಿನ ಬಾಟಲಿ ಹೊತ್ತು ನಿಂತಿದ್ದ, ಹಿರಿಯರೊಬ್ಬರು ದಾಖಲೆಯ ಕಡೆಗೆ ಒಂದೊಂದೇ ವಿಕೆಟ್ ಹೆಜ್ಜೆ ಹಾಕುತ್ತಿದ್ದುದನ್ನು ನೋಡುತ್ತಾ. ಆ ಕಾಯುವಿಕೆ ಅವರಿಗೆ ಏನು ಕಲಿಸಿತೋ, 2002ರಲ್ಲಿ ತಾವೇ ಟೆಸ್ಟ್ ಕ್ರಿಕೆಟ್ ಬಿಟ್ಟು ಎದ್ದುಹೋದರು. ಸೌರವ್ ಗಂಗೂಲಿ ಬಿಡಲಿಲ್ಲ, ಮಾತಾಡಿಸಿ ಕರೆತಂದರು. 2003ರ ವಿಶ್ವಕಪ್ಪಿನಲ್ಲಿ ಎಡಗೈ ಹುಡುಗರಾದ ಜಹೀರ್ ಖಾನ್ 18 ವಿಕೆಟ್, ಆಶಿಶ್ ನೆಹ್ರಾ 15. ಇಬ್ಬರ ನಡುವೆ ಮೂವತ್ತಮೂರರ ಶ್ರೀನಾಥ್ 16. ಜೊಹಾನ್ಸ್‌ಬರ್ಗಿನ ಫೈನಲ್ಲಿನಲ್ಲಿ ಹತ್ತು ಓವರಿಗೆ 87 ರನ್ ಕೊಟ್ಟರು. ಅದೇ ಕೊನೆ. ಒಟ್ಟು 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್ ಪಡೆದವರು ಈಗ ಬಿಳಿ ಶರ್ಟು ಕೋಟು ಹಾಕಿಕೊಂಡು ಮ್ಯಾಚ್ ರೆಫ್ರಿಯಾಗಿ ಟಾಸಿಗೆ ಬರುತ್ತಾರೆ. ಕೋಟಿನೊಳಗಿನ ಆ ಹೆಗಲನ್ನು ನೋಡಿದಾಗಲೆಲ್ಲ ನನಗೆ ಕೋಲ್ಕತ್ತ ನೆನಪಾಗುತ್ತದೆ, ಮೇಷ್ಟ್ರಿಗೆ ಜೊಹಾನ್ಸ್‌ಬರ್ಗ್.

ಏಳನೇ ಓವರಿನ ಹೊತ್ತಿಗೆ ಮಂಜು ಕರಗಿ ಬಿಸಿಲು ಬೆನ್ನಿಗೆ ಹಿತವಾಗತೊಡಗಿತು. ಎಡಗೈ ಹುಡುಗ ಎರಡು ವೈಡ್ ಹಾಕಿ, ಎರಡು ಬೌಂಡರಿ ಹೊಡೆಸಿಕೊಂಡು, ಮುಖ ಸಣ್ಣದು ಮಾಡಿಕೊಂಡಿದ್ದ. ಒಂದು ಹೊಡೆತ ಮಿಡ್ ಆನಿನ ಪಕ್ಕದಿಂದ ಹೋಯಿತು. ಅಣ್ಣ ಹಿಂದೆ ಓಡಿ, ಬೌಂಡರಿಗೆ ಗೇಣು ಇರುವಾಗ ಕಾಲಿನಿಂದ ತಡೆದರು. ಆಗ ನೋಡಿದೆ: ಅವರು ತಡೆಯುವ ಮೊದಲೇ ಕೆಂಗೇರಿ ಹುಡುಗ ಅತ್ತ ಓಡಿಬಂದು ಅರ್ಧ ದಾರಿಯಲ್ಲಿ ನಿಂತಿದ್ದಾನೆ. ಅಣ್ಣ ಕೆಳಗೈಯಿಂದ ಅವನಿಗೆ ಉರುಳಿಸಿದರು, ಅವನು ಕೀಪರಿಗೆ ಎಸೆದ. ಅಣ್ಣನಿಗೆ ಬೌಂಡರಿಯಿಂದ ಎಸೆಯಲು ಆಗುವುದಿಲ್ಲ ಎಂಬ ಸುದ್ದಿ ಎದುರು ತಂಡಕ್ಕೆ ಗೊತ್ತಾಗದ ಹಾಗೆ ಈ ಹುಡುಗರು ಇಡೀ ಮೈದಾನದಲ್ಲಿ ಒಂದು ಗುಟ್ಟಿನ ಏರ್ಪಾಟು ಮಾಡಿಕೊಂಡಿದ್ದಾರೆ. ಯಾರು ಕಲಿಸಿದ್ದು? ಕೇಳಿದರೆ, "ಏನ್ ಸಾರ್? ಏನೂ ಇಲ್ವಲ್ಲ," ಎನ್ನುತ್ತಾರೆ.

ನೀರಿನ ಬಿಡುವು. ಕೀಪರ್ ಬಂದು ಹುಲ್ಲಿನ ಮೇಲೆ ಅಂಗಾತ ಮಲಗಿದ. ಅಮೆರಿಕದ ಕಂಪನಿಯೊಂದಕ್ಕೆ ರಾತ್ರಿ ಪಾಳಿ ಮಾಡುವವನು, ನಿದ್ದೆಗೆಟ್ಟ ಕಣ್ಣು. ಅಲ್ಲಿನವರ ಜೊತೆ ಮಾತಾಡಲು ವಿಷಯ ಬೇಕಲ್ಲ ಎಂದು ಬೇಸ್‌ಬಾಲ್ ನೋಡಲು ಶುರುಮಾಡಿದವನಿಗೆ ಅದರ ಹುಚ್ಚೇ ಹಿಡಿದಿದೆ. "ಅಣ್ಣ, ನಿಮ್ ಥರದೋನೇ ಒಬ್ಬ ಇದ್ದ ಅಲ್ಲಿ, ಕರ್ಶಾ ಅಂತ," ಎಂದು ಹೇಳತೊಡಗಿದ. ಕ್ಲೇಟನ್ ಕರ್ಶಾ, ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಎಡಗೈ ಪಿಚರ್, 2008ರಿಂದ 2025ರವರೆಗೆ ಹದಿನೆಂಟು ವರ್ಷ ಒಂದೇ ತಂಡ. 2023ರ ಕೊನೆಯಲ್ಲಿ ಹೆಗಲಿಗೆ ಶಸ್ತ್ರಚಿಕಿತ್ಸೆ, ಮುಂದಿನ ವರ್ಷ ಕಾಲ್ಬೆರಳಿಗೂ ಮಂಡಿಗೂ. 2025ರ ಜುಲೈನಲ್ಲಿ ಮೂರು ಸಾವಿರ ಸ್ಟ್ರೈಕೌಟಿನ ಗುರುತು ಮುಟ್ಟಿದ. ಆದರೂ ಅಕ್ಟೋಬರಿನ ದೊಡ್ಡ ಪಂದ್ಯಗಳು ಬಂದಾಗ ಮೊದಲ ಎಸೆತದ ಗೌರವ ಯಮಮೋಟೊ, ಒಹ್ತಾನಿ ಮುಂತಾದ ಕಿರಿಯರ ಪಾಲಿಗೆ. ಮೂವತ್ತೇಳರ ಕರ್ಶಾ ಬೆಂಚಿನಲ್ಲಿ.

"ವರ್ಲ್ಡ್ ಸೀರೀಸ್ ಮೂರನೇ ಮ್ಯಾಚು. ಮುಗೀತಾನೇ ಇಲ್ಲ, ಹದಿನೆಂಟು ಇನಿಂಗ್ಸ್. ನಮ್ಮಲ್ಲಿ ಬೆಳಗ್ಗೆ ಶುರುವಾಗಿದ್ದು ಊಟದ ಹೊತ್ತಾದ್ರೂ ನಡೀತಾ ಇದೆ. ಹನ್ನೆರಡನೇ ಇನಿಂಗ್ಸಲ್ಲಿ ಮೂರೂ ಬೇಸ್ ತುಂಬಿದೆ, ಇಬ್ರು ಔಟು. ಆಗ ಕಳ್ಸಿದ್ರಣ್ಣ ಅವನನ್ನ. ಒಬ್ನೇ ಒಬ್ಬ ಬ್ಯಾಟರ್. ಔಟ್ ಮಾಡ್ದ, ವಾಪಸ್ ಬಂದು ಕೂತ್ಕೊಂಡ. ಅಷ್ಟೇ. ಆಮೇಲೆ ಅವನಿಗೆ ಆಡೋ ಚಾನ್ಸೇ ಬರ್ಲಿಲ್ಲ. ರಿಟೈರ್ ಆದ."

"ಗೆದ್ರಾ?"

"ಆ ಮ್ಯಾಚೂ ಗೆದ್ರು, ಕಪ್ಪೂ ಗೆದ್ರು."

ಅಣ್ಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಬಾಲಿನ ತೂಕ ಎಷ್ಟು ಎಂದು ಕೇಳಿದರು. ಕೆಲಸಗಾರನ ಪ್ರಶ್ನೆ. ನಮ್ಮದಕ್ಕಿಂತ ಸುಮಾರು ಹದಿನೈದು ಗ್ರಾಮು ಕಮ್ಮಿ. ಎಸೆಯುವ ದೂರವೂ ನಮ್ಮ ಇಪ್ಪತ್ತು ಮೀಟರಿಗಿಂತ ಒಂದೂವರೆ ಮೀಟರು ಕಮ್ಮಿಯೇ. ಓಡಿಬರುವ ಹಾಗಿಲ್ಲ, ಗುಡ್ಡೆಯ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ನಮ್ಮವರು ಮೊಳಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗೆ ಮಾಡಿದರೆ ಅಂಪೈರ್ ಕಣ್ಣು ಕೆಂಪಾಗುತ್ತದೆ, ಅವರದು ಮೊಳಕೈ ಮಡಚಿ ಬಿಚ್ಚುವುದರಲ್ಲೇ ಶಕ್ತಿ. ಹಾಗಾಗಿ ಅವರಿಗೆ ಮೊಳಕೈಯ ಒಳಗಿನ ಕಟ್ಟುನಾರು ಹರಿಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಮೊಳಕೈಗೆ ಅವನದೇ ಇನ್ನೊಂದು ಕೈಯ ನಾರು ತೆಗೆದು ಕಸಿ ಮಾಡಿದ್ದರು. ಮುಗಿಯಿತು ಅಂದುಕೊಂಡವನು ನಲವತ್ತಾರು ವರ್ಷದವರೆಗೆ ಆಡಿದ. ಈಗ ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು.

"ನಲವತ್ತಾರು?" ಎಂದು ಅಣ್ಣ ಎದ್ದು ನಿಂತರು. "ಕೊಡೋ ಬಾಲು."

ಹಿಂದೆ ಹದಿನೆಂಟು ಹೆಜ್ಜೆ ಓಡಿಬರುತ್ತಿದ್ದರಂತೆ, ಈಗ ಒಂಬತ್ತು. ಗುರುತಿಗೆ ಒಂದು ಒಣ ಎಲೆಯ ಮೇಲೆ ಕಲ್ಲಿಟ್ಟರು. ಬಾಲು ಅಷ್ಟರಲ್ಲಿ ಮ್ಯಾಟಿಗೆ ಉಜ್ಜಿ ಉಜ್ಜಿ ಒಂದು ಪಕ್ಕ ನಾಯಿ ನಾಲಗೆಯಂತೆ ಒರಟಾಗಿತ್ತು, ಇನ್ನೊಂದು ಪಕ್ಕವನ್ನು ಹುಡುಗರು ಬೆವರು ಹಚ್ಚಿ ಪ್ಯಾಂಟಿಗೆ ತಿಕ್ಕಿ ಹೊಳಪು ಉಳಿಸಿಕೊಂಡಿದ್ದರು. ಎಂಜಲು ಹಚ್ಚುವ ಕಾಲ ಕೊರೊನಾ ಬಂದಾಗಲೇ ಮುಗಿಯಿತಲ್ಲ. ಓಟದಲ್ಲಿ ಅಬ್ಬರವಿಲ್ಲ. ಕೈ ಮೊದಲಿನಷ್ಟು ಎತ್ತರಕ್ಕೆ ಹೋಗುವುದೂ ಇಲ್ಲ, ಕಿವಿಯಿಂದ ಒಂದು ಗೇಣು ಆಚೆಗೆ ಬೀಸಿಹೋಗುತ್ತದೆ. ಆದರೆ ಬಿಡುವ ಕ್ಷಣದಲ್ಲಿ ತೋರುಬೆರಳೂ ನಡುಬೆರಳೂ ಹೊಲಿಗೆಯ ಮೇಲಿಂದ ಕೆಳಕ್ಕೆ ಜಾರುತ್ತವೆ, ನಲ್ಲಿ ತಿರುಗಿಸಿದ ಹಾಗೆ. ಕಟರ್. ನಾರಿನ ಮ್ಯಾಟಿಗೆ ಇಂಥದ್ದೇ ಬೇಕು. ಕಚ್ಚಿಕೊಂಡು, ಒಂದು ಗಳಿಗೆ ಯೋಚಿಸಿ, ಆಚೆ ಹೊರಳುತ್ತದೆ. ಬ್ಯಾಟ್ಸ್‌ಮನ್ ಮೂರು ಬಾಲಿಗೆ ಮೂರು ಸಲ ಗಾಳಿ ಬೀಸಿದ. ಕೀಪರ್ ಮಜಾ ತೆಗೆದುಕೊಳ್ಳತೊಡಗಿದ: "ಅಣ್ಣಾ, ಮೆಷಿನ್ ಆನ್!"

ಮೇಷ್ಟ್ರು ಚುಕ್ಕೆ, ಚುಕ್ಕೆ, ಚುಕ್ಕೆ ಎಂದು ನೀಲಿ ಪೆನ್ನಿನಲ್ಲಿ ಇಡುತ್ತಾ ಹೋದರು, ನಡುವೆ ದಾವಣಗೆರೆ ಎಕ್ಸ್‌ಪ್ರೆಸ್ ಎಂದೇ ಹೆಸರಾದ ಬೌಲರಿನ ಕಥೆ ಎತ್ತಿದರು. ಅಣ್ಣನಿಗೂ ಆ ಆರ್. ವಿನಯ್ ಕುಮಾರ್‌ಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ದಾವಣಗೆರೆಯ ಆಟೊ ಚಾಲಕರ ಮಗ, 2004-05ರಲ್ಲಿ ರಣಜಿಗೆ ಬಂದರು. ಹುಬ್ಬೇರಿಸುವ ವೇಗವೇನೂ ಇರಲಿಲ್ಲ; ಒಂದೇ ಜಾಗಕ್ಕೆ, ಒಂದೇ ಜಾಗಕ್ಕೆ, ಮತ್ತೆ ಅದೇ ಜಾಗಕ್ಕೆ. ಜೊತೆಗೆ ಅಭಿಮನ್ಯು ಮಿಥುನ್, ಎಡಗೈಯ ಶ್ರೀನಾಥ್ ಅರವಿಂದ್. ಈ ಮೂವರ ಬಲದ ಮೇಲೆ ವಿನಯ್ ನಾಯಕತ್ವದಲ್ಲಿ 2013-14, 2014-15 ಎರಡೂ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ಪು ಕರ್ನಾಟಕಕ್ಕೆ. ಎರಡನೇ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ಎದುರು ಐದು ವಿಕೆಟ್ಟೂ ತೆಗೆದು ಶತಕವನ್ನೂ ಹೊಡೆದರು. ಕರುಣ್ ನಾಯರ್ ಅವರ 328ರ ಅಬ್ಬರದಲ್ಲಿ ಅದು ಜನಕ್ಕೆ ಮರೆತೇಹೋಯಿತು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್, 34ಕ್ಕೆ 6. ಎಲ್ಲರೂ ಇನ್ನೇನು ಕೊನೆಗಾಲ ಎಂದು ಮಾತಾಡುತ್ತಿದ್ದ ಹೊತ್ತು ಅದು.

"ಮುಂದಿನ ಸೀಸನ್ನಿಗೆ ಕ್ಯಾಪ್ಟನ್ಸಿ ಮನೀಶ್ ಪಾಂಡೆಗೆ ಹೋಯ್ತು. ಪ್ರಸಿದ್ಧ, ರೋನಿತ್ ಮೋರೆ ಇವರೆಲ್ಲ ಬಂದಿದ್ರು. ಚಿನ್ನಸ್ವಾಮೀಲಿ ರಾಜಸ್ಥಾನದ ಮೇಲೆ ಕ್ವಾರ್ಟರ್ ಫೈನಲ್, ನಾನೇ ಹೋಗಿ ಕೂತಿದ್ದೆ. ನಮ್ಮೋರೆಲ್ಲ ಔಟಾಗಿ ಕೊನೇ ಜೋಡಿ ವಿನಯ್ ಮತ್ತೆ ಮೋರೆ. ಆ ಹುಡುಗನನ್ನ ಆಚೆ ತುದೀಲಿ ನಿಲ್ಲಿಸಿಕೊಂಡು ತಾನೇ ಹೊಡೆದ ನೋಡಿ. ಔಟಾಗದೆ 83."

ಜೊತೆಯಾಟ ನೂರರ ಹತ್ತಿರ ಬಂದಿತ್ತು. ಆ ವರ್ಷವೇ, 2019ರಲ್ಲಿ, ವಿನಯ್ ಕರ್ನಾಟಕ ಬಿಟ್ಟು ಪುದುಚೇರಿಗೆ ಆಡಲು ಹೋದರು. 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದಾಗ ಪ್ರಥಮ ದರ್ಜೆ ವಿಕೆಟ್ಟುಗಳು 504. ಭಾರತಕ್ಕೆ ಆಡಿದ ಟೆಸ್ಟ್ ಒಂದೇ ಒಂದು. ಅದೇ ವರ್ಷ ಮಿಥುನ್ ಕೂಡ ಬಿಟ್ಟರು. ಆಮೇಲೆ ವೈಶಾಖ್, ವಿದ್ವತ್ ಕಾವೇರಪ್ಪ, ಕೌಶಿಕ್ ಎಂಬ ಹೆಸರುಗಳು ಬಂದವು. ಹಿರಿಯನನ್ನು ಗೌರವದಿಂದ ಬೀಳ್ಕೊಡುವುದು ಹೇಗೆ ಎಂದು ನಮ್ಮ ಕ್ರಿಕೆಟ್ ಇನ್ನೂ ಕಲಿತಿಲ್ಲ ಎನ್ನುವುದು ಮೇಷ್ಟ್ರ ದೂರು. ಹೊಸಬರಿಗೆ ಜಾಗ ಬಿಡದ ಹಿರಿಯರ ಪಟ್ಟಿಯೂ ಉದ್ದವಾಗಿಯೇ ಇದೆ ಎಂದೆ ನಾನು. ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು.

ಅಣ್ಣನ ನಾಲ್ಕನೇ ಓವರಿನಲ್ಲಿ ವಿಕೆಟ್ ಬಿತ್ತು. ಕಟರನ್ನೇ ಕಾದಿದ್ದ ಬ್ಯಾಟ್ಸ್‌ಮನ್ನಿಗೆ ಅದೇ ಕೈಯಿಂದ ನೇರವಾದದ್ದೊಂದು. ಪ್ಯಾಡಿಗೆ ಬಡಿದ ಸದ್ದು ಒದ್ದೆ ಬಟ್ಟೆ ಒಗೆದ ಹಾಗೆ ಕೇಳಿಸಿತು. ಅಂಪೈರ್ ಬೆರಳೆತ್ತಿದರು. ಅಣ್ಣ ಓಡಲಿಲ್ಲ, ಕುಣಿಯಲಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಮಗುವಿನ ತಲೆ ಸವರಿದ ಹಾಗೆ ಹೆಗಲು ಸವರಿಕೊಂಡರು. ಐದನೇ ಓವರ್ ಹಾಕಲಿಲ್ಲ. ನಾಲ್ಕು ಓವರ್, ಹದಿನಾಲ್ಕು ರನ್, ಒಂದು ವಿಕೆಟ್. ಕೆಂಗೇರಿ ಹುಡುಗನಿಗೆ ನಾಲ್ಕು. ಎದುರು ತಂಡ 121ಕ್ಕೆ ಮುಗಿಯಿತು, ನಮ್ಮವರು ಇಪ್ಪತ್ತಮೂರನೇ ಓವರಿನಲ್ಲಿ ಹೊಡೆದು ಮುಗಿಸಿದರು. ಆ ಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಒಂದು ಸಿಕ್ಸರ್ ಅವರೆಕಾಯಿ ಗಾಡಿಗೆ ಬಿದ್ದು ಆದ ಜಗಳ ಬಿಟ್ಟರೆ. ಅರ್ಧ ಕೇಜಿ ಕೊಂಡು ರಾಜಿ ಮಾಡಿಕೊಂಡರು.

ಬ್ಯಾಟಿಂಗ್ ನಡೆಯುತ್ತಿದ್ದಾಗ ಎಡಗೈ ಹುಡುಗ ಅಣ್ಣನ ಪಕ್ಕ ಬಂದು ಕೂತಿದ್ದ. ಹಳೇ ಬಾಲು ಇಬ್ಬರ ನಡುವೆ. "ಬೆರಳು ಹೀಗಾ ಅಣ್ಣ?" "ಇನ್ನೊಂಚೂರು ಸಡ್ಲ ಬಿಡು. ಅದೇನು ಕಳ್ಳನ್ನ ಹಿಡ್ದಂಗೆ ಹಿಡೀತೀಯ." ಹುಡುಗ ಸಡಿಲ ಬಿಟ್ಟ. ಬಾಲು ಜಾರಿ ಹುಲ್ಲಿಗೆ ಬಿತ್ತು. ಎತ್ತಿಕೊಟ್ಟರು. ಮತ್ತೆ ಬಿತ್ತು. ಮತ್ತೆ ಎತ್ತಿಕೊಟ್ಟರು. ಹತ್ತು ಹನ್ನೆರಡು ಸಲ ಆಗಿರಬೇಕು, ನಾನು ಎಣಿಸುವುದು ಬಿಟ್ಟುಬಿಟ್ಟೆ.

ಹನ್ನೊಂದೂವರೆಗೆ ಮೊಳೆ ಕೀಳುವ ಕೆಲಸ. ಕಬ್ಬಿಣದ ಸಲಾಕೆ ತೂರಿಸಿ ಮೀಟಿದರೆ ಮೊಳೆ ಕಿರ್ರೆಂದು ಮೇಲೆ ಬರುತ್ತದೆ. ಹಳೇ ಬಿಸ್ಕತ್ ಡಬ್ಬಿಗೆ ಹಾಕಿ ಎಣಿಸಬೇಕು. ಒಂದು ಮೊಳೆ ಕಮ್ಮಿ ಬಂತು. ಬರಿಗಾಲಲ್ಲಿ ಆಡುವ ಮಕ್ಕಳು ಸಂಜೆ ಇದೇ ಮೈದಾನಕ್ಕೆ ಬರುತ್ತಾರೆ, ಅದಕ್ಕೆ ಸಿಗುವವರೆಗೂ ಹುಡುಕಿದರು. ಮ್ಯಾಟನ್ನು ಎರಡು ತುದಿಯಿಂದ ಮಂಡಿಯಲ್ಲಿ ಒತ್ತುತ್ತಾ ಸುತ್ತಿದರು. ಬಿಸಿಲಿಗೆ ಇಬ್ಬನಿ ಆರಿ ಬೆಳಗಿಗಿಂತ ಹಗುರ, ಆದರೂ ನಾಲ್ಕು ಜನ ಬೇಕು. ಮುಂದೆ ಇಬ್ಬರು, ಹಿಂದೆ ಇಬ್ಬರು, ಪಲ್ಲಕ್ಕಿಯ ಹಾಗೆ ಹೆಗಲಿಗೆ ಏರಿಸಿಕೊಂಡು ಮೂಲೆಯ ಶೆಡ್ಡಿಗೆ ಒಯ್ಯಬೇಕು. ಅಣ್ಣ ಆಗಷ್ಟೇ ನಲ್ಲಿಯಲ್ಲಿ ಹೆಗಲಿನ ಮುಲಾಮು ತೊಳೆದುಕೊಂಡು, ಬೇರೆ ಶರ್ಟು ತೊಟ್ಟು ಬರುತ್ತಿದ್ದರು. ಹುಡುಗರು ಮೂರು ಜನ ಸುರುಳಿಗೆ ಕೈಹಾಕಿ ಬಗ್ಗಿ ನಿಂತಿದ್ದರು. ಪಕ್ಕದಲ್ಲೇ ಏಳೆಂಟು ಮಂದಿ ಸುಮ್ಮನೆ ನಿಂತಿದ್ದರೂ ನಾಲ್ಕನೆಯ ಜಾಗಕ್ಕೆ ಒಬ್ಬನೂ ಬರಲಿಲ್ಲ. ಮುಂದಿನ ತುದಿಯಲ್ಲಿ, ಎಡ ಹೆಗಲಿಗೆ ಹೊರುವ ಕಡೆಯ ಜಾಗ ಅದು.

ಅಣ್ಣ ಅಲ್ಲಿಗೆ ಹೋಗಿ ನಿಂತು, "ಹೂಂ, ಎತ್ರೋ," ಎಂದರು.